ಕಂಪನಿ ಇಮೇಲ್ ಎಂಟು ವರ್ಷ ಉಳಿಯಬೇಕೆಂದರೆ: ಯಾವ ಆರ್ಕೈವ್ ಯಾರಿಗೆ ಸರಿ?

ಪೀಣ್ಯದಲ್ಲಿ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆ ಎಂದಿಟ್ಟುಕೊಳ್ಳಿ. ಮಾಲು ಕಳಿಸಿ ಎಂಟು ತಿಂಗಳಾಗಿದೆ, ದುಡ್ಡು ಬಂದಿಲ್ಲ. ಕೇಳಿದರೆ ಖರೀದಿದಾರರು, ‘ಮಾಲಿನಲ್ಲಿ ದೋಷವಿತ್ತು, ಅದನ್ನು ಆಗಲೇ ಮೇಲ್ ಮಾಡಿದ್ದೆವಲ್ಲ’ ಎನ್ನುತ್ತಾರೆ. ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಮಾಲು ಕೈಸೇರಿದ 15 ದಿನದೊಳಗೆ ಲಿಖಿತ ಆಕ್ಷೇಪ ಬರದಿದ್ದರೆ ಅದನ್ನು ಒಪ್ಪಿಕೊಂಡಂತೆಯೇ ಲೆಕ್ಕ. ಕರಾರಿನಲ್ಲಿ ಏನೇ ಬರೆದಿರಲಿ, 45 ದಿನ ಮೀರಿ ಬಾಕಿ ಇಡುವಂತಿಲ್ಲ. ಇಟ್ಟರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಹಾಗಾಗಿ ಇಡೀ ತಕರಾರು ಬಂದು ನಿಲ್ಲುವುದು ಆ ಹದಿನೈದು ದಿನಗಳಲ್ಲಿ ಮೇಲ್ ಬಂದಿತ್ತೋ ಇಲ್ಲವೋ ಎಂಬುದರ ಮೇಲೆ. ಆ ಇನ್‌ಬಾಕ್ಸ್ ನೋಡಿಕೊಳ್ಳುತ್ತಿದ್ದ ಸೇಲ್ಸ್ ಹುಡುಗ ಈಗ ಕೆಲಸದಲ್ಲಿಲ್ಲ. ಲೈಸೆನ್ಸ್ ಹಣ ಉಳಿಯಲಿ ಎಂದು ಅವನ ಅಕೌಂಟನ್ನೂ ಡಿಲೀಟ್ ಮಾಡಿಯಾಗಿದೆ.

ಇಂಥ ಕಡೆ ಸಾಬೀತು ಮಾಡಬೇಕಾದದ್ದು ‘ಮೇಲ್ ಬಂದಿಲ್ಲ’ ಎಂಬುದನ್ನು. ಬಂದ ಮೇಲನ್ನು ತೋರಿಸಲು ಒಂದು ಪ್ರತಿ ಸಾಕು. ಬಂದಿಲ್ಲ ಎಂದು ತೋರಿಸಬೇಕಾದರೆ ಆ ಅವಧಿಯ ಅಷ್ಟೂ ಮೇಲ್ ಒಂದೂ ಬಿಡದೆ ಇರಬೇಕು, ನಡುವೆ ಯಾರೂ ಕೈಯಾಡಿಸಿಲ್ಲ ಎಂಬುದಕ್ಕೆ ಆಧಾರವೂ ಇರಬೇಕು. ಹಾಗಾಗಿ ಆರ್ಕೈವ್, ಅಂದರೆ ಮೇಲ್ ಅಳಿಯದಂತೆ ಕಾಯ್ದಿಡುವ ವ್ಯವಸ್ಥೆ, ಕೊಳ್ಳುವವರು ಜಾಗ ಎಷ್ಟು, ದರ ಎಷ್ಟು ಎಂದು ಕೇಳುವ ಮೊದಲು ಬೇರೊಂದನ್ನು ಕೇಳಿಕೊಳ್ಳಬೇಕು: ಈ ಮೇಲ್ ಇಲ್ಲವಾದರೆ ಯಾರಿಗೆ ಅನುಕೂಲವೋ, ಅದನ್ನು ಅಳಿಸಲು ಅವರಿಗೆ ಸಾಧ್ಯವೇ? ಅವರು ಗುಮಾಸ್ತರಾಗಿರಬಹುದು, ಐಟಿ ಅಡ್ಮಿನ್ ಆಗಿರಬಹುದು, ಸ್ವತಃ ನಿರ್ದೇಶಕರೇ ಆಗಿರಬಹುದು. ಕೆಳಗಿನ ಆಯ್ಕೆಗಳನ್ನೆಲ್ಲ ನಾನು ಈ ಪ್ರಶ್ನೆಯಿಂದಲೇ ಅಳೆದಿದ್ದೇನೆ.

ಎಷ್ಟು ವರ್ಷ ಇಡಬೇಕು

‘ಎಲ್ಲಾ ಇಮೇಲ್ ಇಷ್ಟು ವರ್ಷ ಇಡಿ’ ಎನ್ನುವ ಒಂದು ಕಾನೂನು ಭಾರತದಲ್ಲಿಲ್ಲ. ಕಾನೂನುಗಳು ಕೇಳುವುದು ದಾಖಲೆಗಳನ್ನು. ದರ ಒಪ್ಪಿದ್ದು, ಆರ್ಡರ್ ಬದಲಿಸಿದ್ದು, ಬಾಕಿ ಇದೆ ಎಂದು ಒಪ್ಪಿಕೊಂಡದ್ದು ಎಲ್ಲವೂ ಮೇಲ್‌ನಲ್ಲೇ ನಡೆಯುವುದರಿಂದ ಮೇಲ್ ದಾಖಲೆಯಾಗುತ್ತದೆ. ಮೇಲ್ ವಿನಿಮಯದಲ್ಲೇ ಕರಾರು ಕುದುರಬಲ್ಲದು ಎಂದು ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

2013ರ ಕಂಪನಿ ಕಾಯ್ದೆಯ 128ನೇ ಸೆಕ್ಷನ್ ಲೆಕ್ಕಪತ್ರಗಳನ್ನೂ ಅವುಗಳಿಗೆ ಸಂಬಂಧಿಸಿದ ವೋಚರ್‌ಗಳನ್ನೂ 8 ಹಣಕಾಸು ವರ್ಷ ಇಡಲು ಹೇಳುತ್ತದೆ. ಜಿಎಸ್‌ಟಿಯಲ್ಲಿ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು. 2023-24ರ ದಾಖಲೆಗಳು 2030ರ ಡಿಸೆಂಬರ್ ಕೊನೆಯವರೆಗೂ ಇರಬೇಕು. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಗೆ ಒಳಪಡುವ ಸಂಸ್ಥೆಗಳು ವಹಿವಾಟಿನ ದಾಖಲೆಯನ್ನು 5 ವರ್ಷ ಕಾಯ್ದಿಡಬೇಕು. ಷೇರುಪೇಟೆಯಲ್ಲಿರುವ ಕಂಪನಿಗಳಿಗೆ ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮಗಳಿವೆ. ಬೆಲೆಯ ಮೇಲೆ ಪರಿಣಾಮ ಬೀರುವ ಗುಟ್ಟಿನ ಮಾಹಿತಿ ಯಾರಿಂದ ಯಾರಿಗೆ ಹೋಯಿತು ಎಂಬುದನ್ನು ಸಮಯದ ಮೊಹರಿನೊಂದಿಗೆ ದಾಖಲಿಸಿ ಕನಿಷ್ಠ 8 ವರ್ಷ ಇಡಬೇಕು. ಇನ್ನು ಸಾಮಾನ್ಯ ಬಾಕಿ ವಸೂಲಿಗೆ ದಾವೆಯ ಕಾಲಮಿತಿ 3 ವರ್ಷ. ಆದರೆ ಆ ಅವಧಿ ಮುಗಿಯುವ ಮೊದಲೇ ಸಾಲಗಾರ ಬಾಕಿಯನ್ನು ಲಿಖಿತವಾಗಿ ಒಪ್ಪಿಕೊಂಡರೆ ಅಂದಿನಿಂದ ಲೆಕ್ಕ ಹೊಸದಾಗಿ ಶುರು. ‘ಮುಂದಿನ ತಿಂಗಳು ಖಂಡಿತ ಕೊಡುತ್ತೇವೆ ಸರ್’ ಎಂಬ ಹಳೆಯ ಮೇಲ್‌ಗೆ ಇರುವ ಬೆಲೆ ಇದೇ.

ಲೆಕ್ಕಪತ್ರ, ಖರೀದಿ, ಮಾರಾಟ, ನಿರ್ದೇಶಕರು, ಕಂಪನಿ ಸೆಕ್ರೆಟರಿ ಇವರ ಮೇಲ್‌ಬಾಕ್ಸ್‌ಗಳಿಗೆ 8 ವರ್ಷ ಪೂರ್ತಿಯಾಗಿ, ಮೇಲೆ ಒಂದು ವರ್ಷ ಸೇರಿಸಿ ಇಡುವುದು ನನ್ನ ಸಲಹೆ. ಎಚ್‌ಆರ್ ಮೇಲ್‌ಬಾಕ್ಸ್‌ಗೆ ಇದೇ ನಿಯಮ ಹಾಕಬೇಡಿ. ಕೆಲಸ ಕೊಡದ ನೂರಾರು ಅಭ್ಯರ್ಥಿಗಳ ಬಯೋಡೇಟಾ, ಆಧಾರ್ ಪ್ರತಿ ಒಂಬತ್ತು ವರ್ಷ ಇಟ್ಟುಕೊಳ್ಳಲು ಕಾರಣವೇ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ದೇಶ ತೀರಿದ ಮೇಲೆ ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕು ಎನ್ನುತ್ತದೆ. ಬೇರೆ ಕಾನೂನು ಇಡಲು ಹೇಳಿದ್ದರೆ ಮಾತ್ರ ವಿನಾಯಿತಿ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ, ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಗಡುವಿದೆ. ಮೇಲ್‌ಬಾಕ್ಸ್‌ಗೊಂದು, ವಿಭಾಗಕ್ಕೊಂದು ಅವಧಿ ಹಾಕಲು ಬಾರದ ಆರ್ಕೈವ್ ಇನ್ನು ಮುಂದೆ ಕೆಲಸಕ್ಕೆ ಬಾರದು.

ಔಟ್‌ಲುಕ್‌ನ ಪಿಎಸ್‌ಟಿ ಫೈಲ್

ನಮ್ಮ ಎಷ್ಟೋ ಸಣ್ಣ ಉದ್ದಿಮೆಗಳಲ್ಲಿ ಇಂದಿಗೂ ಇರುವುದು ಇದೇ. ವೆಬ್‌ಸೈಟ್ ಹೋಸ್ಟಿಂಗ್ ಜೊತೆ ಬಂದ ಮೇಲ್ ವಿಳಾಸ, ಪಾಪ್ ಎಂಬ ವಿಧಾನದ ಮೂಲಕ ಮೇಜಿನ ಮೇಲಿನ ಕಂಪ್ಯೂಟರ್‌ಗೆ ಇಳಿದು, ಪಿಎಸ್‌ಟಿ ಎಂಬ ಔಟ್‌ಲುಕ್ ಫೈಲಿನಲ್ಲಿ ಕೂರುತ್ತದೆ. ಸರ್ವರ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಬಹಳ ದಿನ ಉಳಿಯುವುದಿಲ್ಲ. ಯಾರು ಬೇಕಾದರೂ ಅಳಿಸಬಹುದು, ಹಾರ್ಡ್ ಡಿಸ್ಕ್ ಹೋದರೆ ಎಲ್ಲವೂ ಹೋಯಿತು. ಇದನ್ನು ಆಯ್ಕೆ ಎಂದೇ ನಾನು ಪರಿಗಣಿಸುವುದಿಲ್ಲ. ಆರ್ಕೈವ್ ವಿಚಾರ ಆಮೇಲೆ ಇರಲಿ, ಮೊದಲು ಮೇಲ್ ಸೇವೆಯನ್ನೇ ಬದಲಿಸಿ.

ಬ್ಯಾಕಪ್ ಇದೆಯಲ್ಲ ಎನ್ನುವವರಿಗೆ

ಬ್ಯಾಕಪ್ ಬೇಕೇ ಬೇಕು, ಆದರೆ ಅದರ ಕೆಲಸ ಬೇರೆ. ರಾತ್ರಿ ಹನ್ನೆರಡಕ್ಕೆ ಬ್ಯಾಕಪ್ ಓಡುತ್ತದೆ ಎನ್ನಿ. ಬೆಳಗ್ಗೆ ಹತ್ತಕ್ಕೆ ಬಂದ ಮೇಲನ್ನು ಸಂಜೆ ಐದಕ್ಕೆ ಬುಡಸಮೇತ ಅಳಿಸಿದರೆ ಬ್ಯಾಕಪ್ ಅದನ್ನು ಕಂಡೇ ಇರುವುದಿಲ್ಲ. ಮೇಲಾಗಿ ಹಳೆಯ ಬ್ಯಾಕಪ್‌ಗಳ ಮೇಲೆ ಹೊಸದು ಬರೆದುಕೊಳ್ಳುತ್ತ ಹೋಗುತ್ತದೆ; ‘ಈ ಪೂರೈಕೆದಾರರ ಜೊತೆಗಿನ ಮೂರು ವರ್ಷದ ಪತ್ರವ್ಯವಹಾರ ಕೊಡಿ’ ಎಂದರೆ ಒಂದೊಂದೇ ಮರುಸ್ಥಾಪಿಸಿ ಹುಡುಕಬೇಕು. 2005ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮಾರ್ಗನ್ ಸ್ಟ್ಯಾನ್ಲಿ ಸಿಕ್ಕಿಬಿದ್ದದ್ದು ಇಂಥದ್ದರಲ್ಲೇ. ಮೇಲ್ ಎಲ್ಲಾ ಕೊಟ್ಟಿದ್ದೇವೆ ಎಂದ ಮೇಲೂ ಹೊಸ ಹೊಸ ಬ್ಯಾಕಪ್ ಟೇಪ್‌ಗಳು ಪತ್ತೆಯಾಗುತ್ತಲೇ ಹೋದವು. ನ್ಯಾಯಾಧೀಶರು ಕಂಪನಿಗೆ ಪ್ರತಿಕೂಲವಾದ ತೀರ್ಮಾನಕ್ಕೆ ಬರುವಂತೆ ಜ್ಯೂರಿಗೆ ಸೂಚಿಸಿದರು, ಜ್ಯೂರಿ 145 ಕೋಟಿ ಡಾಲರ್ ಪರಿಹಾರ ವಿಧಿಸಿತು. 2007ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ಬೇರೆ ಕಾರಣಕ್ಕೆ ರದ್ದಾಯಿತು. ಆದರೆ ಟೇಪ್ ಇದ್ದ ಮಾತ್ರಕ್ಕೆ ದಾಖಲೆ ಇದ್ದಂತಾಗುವುದಿಲ್ಲ ಎಂಬುದು ಆ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು.

ಕ್ರಯಪತ್ರದ ಮೂಲಪ್ರತಿ ಮನೆಯ ಬೀರುವಿನಲ್ಲಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದರ ಇನ್ನೊಂದು ದಾಖಲೆ ಇರುತ್ತದಲ್ಲ, ಆರ್ಕೈವ್ ಮಾಡಬೇಕಾದ ಕೆಲಸ ಅದು. ಬೀರುವಿನದನ್ನು ನೀವು ಹರಿದುಹಾಕಿದರೂ ಅಲ್ಲಿನದು ಹಾಗೇ ಇರಬೇಕು.

ಗೂಗಲ್ ವಾಲ್ಟ್

ಗೂಗಲ್ ವರ್ಕ್‌ಸ್ಪೇಸ್ ಬಳಸುವವರಿಗೆ ಮೊದಲು ಎದುರಾಗುವುದು ವಾಲ್ಟ್. ಇದು ಬಿಸಿನೆಸ್ ಸ್ಟಾರ್ಟರ್, ಬಿಸಿನೆಸ್ ಸ್ಟ್ಯಾಂಡರ್ಡ್ ಪ್ಲಾನ್‌ಗಳ ಜೊತೆ ಬರುವುದಿಲ್ಲ. ಬಿಸಿನೆಸ್ ಪ್ಲಸ್, ಎಂಟರ್‌ಪ್ರೈಸ್ ಪ್ಲಾನ್‌ಗಳಲ್ಲಿ ಸೇರಿದೆ. ‘ಜಿಮೇಲ್ ಅಲ್ವಾ, ಎಲ್ಲಾ ಗೂಗಲ್ ಹತ್ರ ಇರುತ್ತೆ’ ಎನ್ನುವ ಮಾತು ಬಹಳ ಕಡೆ ಕೇಳುತ್ತೇನೆ. ಇರುವುದಿಲ್ಲ. ಟ್ರ್ಯಾಶ್‌ಗೆ ಹೋದ ಮೇಲ್ 30 ದಿನ ಅಲ್ಲಿರುತ್ತದೆ, ಆಮೇಲೆ 25 ದಿನ ಅಡ್ಮಿನ್ ಮರಳಿ ತರಬಹುದು. ಅದಾದ ಮೇಲೆ ಇಲ್ಲ.

ವಾಲ್ಟ್ ಮೇಲನ್ನು ಇನ್ನೊಂದು ಕಡೆಗೆ ನಕಲು ಮಾಡುವುದಿಲ್ಲ, ಇದ್ದಲ್ಲೇ ಹಿಡಿದಿಡುತ್ತದೆ. ಬಳಕೆದಾರ ಅಳಿಸಿದರೆ ಅವನ ಕಣ್ಣಿಗೆ ಕಾಣಿಸುವುದಿಲ್ಲ, ವಾಲ್ಟ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಡ್ರೈವ್, ಚಾಟ್ ಕೂಡ ಅದೇ ಹುಡುಕಾಟದಲ್ಲಿ ಸಿಗುವುದು ದೊಡ್ಡ ಅನುಕೂಲ. ಆದರೆ ಎರಡು ಅಪಾಯಗಳಿವೆ. ಮೊದಲನೆಯದು, ಪ್ಲಾನ್ ಕೊಂಡ ಮಾತ್ರಕ್ಕೆ ವಾಲ್ಟ್ ಏನನ್ನೂ ಉಳಿಸುವುದಿಲ್ಲ, ಅವಧಿಯ ನಿಯಮವನ್ನು ನೀವೇ ಬರೆಯಬೇಕು. ಆ ಪುಟದಲ್ಲಿ ಅವಧಿ ಮುಗಿದಾಗ ಏನು ಮಾಡಬೇಕೆಂದು ಕೇಳುತ್ತದೆ. ಬಳಕೆದಾರರು ಅಳಿಸಿದ್ದನ್ನು ಮಾತ್ರ ತೆಗೆಯಬಹುದು, ಇಲ್ಲವೇ ಇನ್‌ಬಾಕ್ಸ್‌ನಲ್ಲಿ ಇರುವುದನ್ನೂ ಸೇರಿಸಿ ಎಲ್ಲವನ್ನೂ ತೆಗೆಯಬಹುದು. ಇಲ್ಲಿ ದಿನಗಳ ಸಂಖ್ಯೆ ತಪ್ಪಿ ಸಣ್ಣದಾಗಿ ಬಿದ್ದರೆ, ವರ್ಷಗಳ ಮೇಲ್ ತಕ್ಷಣ ಅಳಿಯಲು ಶುರುವಾಗುತ್ತದೆ, ಮರಳಿ ಬರುವುದಿಲ್ಲ. ಒಂದು ಪರೀಕ್ಷಾ ವಿಭಾಗ ಮಾಡಿ, ಅದರ ಮೇಲೆ ನಿಯಮ ಹಾಕಿ ನೋಡಿದ ನಂತರವೇ ಇಡೀ ಕಂಪನಿಗೆ ಅನ್ವಯಿಸಿ.

ಎರಡನೆಯದು ಪೀಣ್ಯದ ಆ ಹುಡುಗನ ಕಥೆ. ಅಕೌಂಟ್ ಅಳಿಸಿದರೆ ವಾಲ್ಟ್‌ನಲ್ಲಿದ್ದ ಅವನ ಇಮೇಲ್ ಕೂಡ ಹೋಗುತ್ತದೆ. ಅವಧಿಯ ನಿಯಮವಿದ್ದರೂ, ತಕರಾರಿನ ಸಲುವಾಗಿ ಮೇಲ್ ಅಳಿಯದಂತೆ ತಡೆಹಿಡಿಯುವ ಲೀಗಲ್ ಹೋಲ್ಡ್ ಇದ್ದರೂ ಅಷ್ಟೇ. ಅಡ್ಮಿನ್‌ಗೆ ಮರಳಿ ಪಡೆಯಲು ಸಿಗುವುದು 20 ದಿನ. ಕೆಲಸ ಬಿಟ್ಟವರ ಅಕೌಂಟ್ ಉಳಿಸಿಕೊಳ್ಳಲೆಂದೇ ಆರ್ಕೈವ್ಡ್ ಯೂಸರ್ ಎಂಬ ಕಡಿಮೆ ದರದ ಲೈಸೆನ್ಸ್ ಇದೆ. ಎಂಟು ವರ್ಷದಲ್ಲಿ ಎಷ್ಟು ಜನ ಕೆಲಸ ಬಿಟ್ಟು ಹೋಗುತ್ತಾರೆಂದು ಅಂದಾಜು ಮಾಡಿ ಆ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ. ಬೆಂಗಳೂರಿನಂಥ ಊರಲ್ಲಿ ಈ ಸಂಖ್ಯೆ ಈಗಿರುವ ಸಿಬ್ಬಂದಿಯನ್ನೇ ಮೀರಬಹುದು.

ಮೈಕ್ರೋಸಾಫ್ಟ್ 365

ಇಲ್ಲಿ ಹೆಸರುಗಳೇ ದಾರಿ ತಪ್ಪಿಸುತ್ತವೆ. ಔಟ್‌ಲುಕ್‌ನಲ್ಲಿ ಕಾಣುವ ಆರ್ಕೈವ್ ಬಟನ್ ಮೇಲನ್ನು ಇನ್ನೊಂದು ಫೋಲ್ಡರ್‌ಗೆ ಸರಿಸುತ್ತದೆ, ಅಷ್ಟೇ. ಆನ್‌ಲೈನ್ ಆರ್ಕೈವ್ ಎಂದರೆ ಹೆಚ್ಚುವರಿ ಜಾಗ. ಅಲ್ಲಿಂದಲೂ ಬಳಕೆದಾರ ಅಳಿಸಬಹುದು. ನಿಮಗೆ ಬೇಕಾದದ್ದು ಮೇಲ್ ಅಳಿಯದಂತೆ ಹಿಡಿದಿಡುವ ಲಿಟಿಗೇಶನ್ ಹೋಲ್ಡ್, ಅಥವಾ ಮೈಕ್ರೋಸಾಫ್ಟ್‌ನ ದಾಖಲೆ ನಿರ್ವಹಣಾ ಸಾಧನವಾದ ಪರ್‌ವ್ಯೂ ಒಳಗಿನ ರಿಟೆನ್ಶನ್ ಪಾಲಿಸಿ, ಅಂದರೆ ಅವಧಿಯ ನಿಯಮ. ಬಿಸಿನೆಸ್ ಬೇಸಿಕ್, ಸ್ಟ್ಯಾಂಡರ್ಡ್ ಪ್ಲಾನ್‌ಗಳಲ್ಲಿ ಲಿಟಿಗೇಶನ್ ಹೋಲ್ಡ್ ಇಲ್ಲ. ಬಿಸಿನೆಸ್ ಪ್ರೀಮಿಯಂ, ಇ3 ಅಥವಾ ಎಕ್ಸ್‌ಚೇಂಜ್ ಆನ್‌ಲೈನ್ ಆರ್ಕೈವಿಂಗ್ ಎಂಬ ಹೆಚ್ಚುವರಿ ಲೈಸೆನ್ಸ್ ಬೇಕು.

ಎರಡು ವಿಷಯಗಳಲ್ಲಿ ಇದು ಗೂಗಲ್‌ಗಿಂತ ಮುಂದಿದೆ. ಅಕೌಂಟ್ ಅಳಿಸುವ ಮೊದಲೇ ಹೋಲ್ಡ್ ಹಾಕಿದ್ದರೆ ಆ ಮೇಲ್‌ಬಾಕ್ಸ್ ನಿಷ್ಕ್ರಿಯ ಸ್ಥಿತಿಗೆ ಹೋಗಿ, ಲೈಸೆನ್ಸ್ ಕಟ್ಟದೆಯೇ ಉಳಿಯುತ್ತದೆ. ಹೋಲ್ಡ್ ಇಲ್ಲದಿದ್ದರೆ 30 ದಿನದಲ್ಲಿ ಮುಗಿಯಿತು. ಇನ್ನೊಂದು, ರಿಟೆನ್ಶನ್ ಪಾಲಿಸಿಗೆ ಪ್ರಿಸರ್ವೇಶನ್ ಲಾಕ್ ಹಾಕಬಹುದು. ಒಮ್ಮೆ ಹಾಕಿದರೆ ಅವಧಿಯನ್ನು ಹೆಚ್ಚಿಸಬಹುದೇ ಹೊರತು ಕಡಿಮೆ ಮಾಡುವಂತಿಲ್ಲ, ಪಾಲಿಸಿ ತೆಗೆಯುವಂತಿಲ್ಲ. ಕಂಪನಿಯ ಅತ್ಯುನ್ನತ ಅಡ್ಮಿನ್‌ಗೂ ಆಗದು. ಅಳಿಸಬಯಸುವವರಿಗೆ ಅಳಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಇಷ್ಟು ಗಟ್ಟಿ ಉತ್ತರ ಗೂಗಲ್ ವಾಲ್ಟ್‌ನಲ್ಲಿಲ್ಲ, ಅಲ್ಲಿ ಅಧಿಕಾರವಿರುವ ಅಡ್ಮಿನ್ ನಿಯಮವನ್ನೇ ಬದಲಿಸಬಲ್ಲ. ಹಾಗೆಂದು ಮೊದಲ ವಾರವೇ ಲಾಕ್ ಹಾಕಬೇಡಿ. ಎಚ್‌ಆರ್ ಮೇಲ್‌ಗೆ ತಪ್ಪಾಗಿ ಒಂಬತ್ತು ವರ್ಷದ ಲಾಕ್ ಬಿದ್ದರೆ ಅದನ್ನೂ ಬಿಚ್ಚಲಾಗದು.

ಭಾರತದಲ್ಲಿ ನೋಂದಾಯಿಸಿದ ಹೊಸ ಖಾತೆಗಳ ಮೇಲ್ ಇಲ್ಲಿನ ಡೇಟಾ ಸೆಂಟರ್‌ಗಳಲ್ಲೇ ಇಡುವ ವ್ಯವಸ್ಥೆಯೂ ಇದೆ. ಲೆಕ್ಕಪತ್ರಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಡುವ ಕಂಪನಿಗಳ ಬ್ಯಾಕಪ್ ಪ್ರತಿದಿನ ಭಾರತದಲ್ಲಿರುವ ಸರ್ವರ್‌ಗೆ ಬರಬೇಕು ಎಂದು 2022ರಲ್ಲಿ ನಿಯಮ ಬಿಗಿಯಾದ ಮೇಲೆ ಆಡಿಟರ್‌ಗಳು ಈ ಪ್ರಶ್ನೆ ಕೇಳತೊಡಗಿದ್ದಾರೆ.

ಜೋಹೊ

ಚೆನ್ನೈನ ಜೋಹೊ ದರದಲ್ಲಿ ಹಗುರ, ಭಾರತದಲ್ಲೇ ಡೇಟಾ ಸೆಂಟರ್ ಇದೆ. ಮೇಲ್ಮಟ್ಟದ ಪ್ಲಾನ್‌ನಲ್ಲಿ ಅವಧಿ ನಿಯಮ, ಹೋಲ್ಡ್, ಹುಡುಕಾಟ ಸಿಗುತ್ತವೆ. ಇಪ್ರೊಟೆಕ್ಟ್ ಎಂಬ ಪ್ರತ್ಯೇಕ ಸೇವೆಯೂ ಇದೆ. ಯಾವ ನಿಯಂತ್ರಕರ ಕೆಳಗೂ ಬಾರದ, ಇಪ್ಪತ್ತು ಮೂವತ್ತು ಮೇಲ್‌ಬಾಕ್ಸ್‌ಗಳ ಉದ್ದಿಮೆಗೆ ಇದು ಸಾಕು ಎಂಬುದು ನನ್ನ ಎಣಿಕೆ. ಕೆಲಸ ಬಿಟ್ಟವರ ಮೇಲ್ ಏನಾಗುತ್ತದೆ ಎಂಬುದನ್ನು ಮಾತ್ರ ಅವರಿಂದ ಬರಹದಲ್ಲೇ ಕೇಳಿ ಪಡೆಯಿರಿ.

ಪ್ರತ್ಯೇಕ ಆರ್ಕೈವ್ ಸೇವೆಗಳು

ಪುಣೆಯ ಮಿಥಿ ಕಂಪನಿಯ ವಾಲ್ಟಾಸ್ಟಿಕ್, ಹೊರದೇಶದ ಮೈಮ್‌ಕಾಸ್ಟ್, ಬರಾಕುಡಾ, ಗ್ಲೋಬಲ್ ರಿಲೇ, ಸ್ಮಾರ್ಷ್ ಈ ಬಗೆಯವು. ಇವು ಜರ್ನಲಿಂಗ್ ಮೂಲಕ ಕೆಲಸ ಮಾಡುತ್ತವೆ. ಮೇಲ್ ಬರುವಾಗ, ಹೋಗುವಾಗ ಸರ್ವರ್ ಮಟ್ಟದಲ್ಲೇ ಅದರ ಇನ್ನೊಂದು ಪ್ರತಿ ಬೇರೆ ಕಂಪನಿಯ ಸಂಗ್ರಹಕ್ಕೆ ಸೇರುತ್ತದೆ. ಇನ್‌ಬಾಕ್ಸ್‌ನಲ್ಲಿ ಆಮೇಲೆ ಏನು ನಡೆದರೂ ಆ ಪ್ರತಿಗೆ ಸಂಬಂಧವಿಲ್ಲ. ಎಕ್ಸ್‌ಚೇಂಜ್‌ನ ಜರ್ನಲ್ ವರದಿಯಲ್ಲಿ ಬಿಸಿಸಿಯಲ್ಲಿ ಯಾರಿದ್ದರು, ಗುಂಪಿನ ವಿಳಾಸಕ್ಕೆ ಹೋದ ಮೇಲ್ ಆ ದಿನ ಯಾರ‍್ಯಾರಿಗೆ ತಲುಪಿತು ಎಂಬುದೂ ದಾಖಲಾಗುತ್ತದೆ. ಬ್ರೋಕರ್‌ಗಳಿಗೆ, ಲಿಸ್ಟೆಡ್ ಕಂಪನಿಗಳಿಗೆ, ಎನ್‌ಬಿಎಫ್‌ಸಿಗಳಿಗೆ (ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೆ) ನಾನು ಹೇಳುವುದು ಇದನ್ನೇ, ಖರ್ಚು ಹೆಚ್ಚಾದರೂ ಸರಿ. ಮೇಲ್ ಸೇವೆ ನಡೆಸುವ ಅಡ್ಮಿನ್ ಒಬ್ಬ, ಆರ್ಕೈವ್‌ನ ಕೀಲಿ ಇರುವುದು ಕಂಪನಿ ಸೆಕ್ರೆಟರಿ ಅಥವಾ ಕಂಪ್ಲಯನ್ಸ್ ಅಧಿಕಾರಿಯ ಹತ್ತಿರ ಎಂದು ಅಧಿಕಾರವನ್ನು ಎರಡಾಗಿ ಹಂಚಬಹುದು.

ಅಮೆರಿಕದ ಬ್ರೋಕರೇಜ್‌ಗಳ ಕೆಲಸವನ್ನು ಬೆಂಗಳೂರಿನಿಂದ ಮಾಡುವವರಿಗೆ ಅಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ 17ಎ-4 ನಿಯಮವೂ ತಾಗಬಹುದು. ಒಮ್ಮೆ ಬರೆದದ್ದನ್ನು ತಿದ್ದಲಾಗದ ಸಂಗ್ರಹ, ಇಲ್ಲವೇ 2022ರ ತಿದ್ದುಪಡಿಯ ನಂತರ, ಪ್ರತಿ ಬದಲಾವಣೆಯ ಪೂರ್ತಿ ಜಾಡು ಉಳಿಸುವ ವ್ಯವಸ್ಥೆ ಬೇಕು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಎಸ್‌ಇಸಿ ವಾಲ್ ಸ್ಟ್ರೀಟ್‌ನ 16 ಸಂಸ್ಥೆಗಳಿಗೆ 110 ಕೋಟಿ ಡಾಲರ್‌ಗೂ ಮಿಕ್ಕಿ ದಂಡ ಹಾಕಿತು. ಸಿಬ್ಬಂದಿ ಸ್ವಂತ ಫೋನಿನ ಮೆಸೇಜ್‌ಗಳಲ್ಲಿ ವ್ಯವಹಾರ ಮಾತಾಡಿದ್ದರು, ಅದರ ದಾಖಲೆಯನ್ನು ಸಂಸ್ಥೆಗಳು ಇಟ್ಟಿರಲಿಲ್ಲ. ನಿಮ್ಮಲ್ಲಿ ದರ ಒಪ್ಪುವುದು ವಾಟ್ಸ್‌ಆ್ಯಪ್‌ನಲ್ಲಾದರೆ ಯಾವ ಇಮೇಲ್ ಆರ್ಕೈವ್ ಕೊಂಡೂ ಪ್ರಯೋಜನವಿಲ್ಲ. ಒಪ್ಪಿದ್ದನ್ನು ಅದೇ ದಿನ ಮೇಲ್ ಹಾಕುವ ರೂಢಿ ಮಾಡಿಸಿ.

ಸ್ವಂತ ಸರ್ವರ್‌ನಲ್ಲೇ ನಡೆಸುತ್ತೇವೆ ಎನ್ನುವವರಿಗೆ ವಿಂಡೋಸ್ ಮೇಲೆ ಓಡುವ ಮೇಲ್‌ಸ್ಟೋರ್, ಓಪನ್ ಸೋರ್ಸ್ ಆದ ಪೈಲರ್ ಇವೆ. ಪೈಲರ್‌ಗೆ ಲಿನಕ್ಸ್ ಬಲ್ಲವರು ಬೇಕು, ಅವರು ಎಂಟು ವರ್ಷವೂ ನಿಮ್ಮಲ್ಲೇ ಇರಬೇಕು. ಸರ್ವರ್ ಕೋಣೆಯ ಕೀಲಿ ಇರುವವರೇ ಅಳಿಸಬಲ್ಲವರೂ ಆಗಿರುವುದರಿಂದ ಒಂದು ಪ್ರತಿಯನ್ನಾದರೂ ಅಮೆಜಾನ್ ಕ್ಲೌಡ್‌ನ ಮುಂಬೈ ಅಥವಾ ಹೈದರಾಬಾದ್ ಕೇಂದ್ರದಲ್ಲಿ, ಅಳಿಸುವುದನ್ನು ತಡೆಯುವ ಆಬ್ಜೆಕ್ಟ್ ಲಾಕ್ ಹಾಕಿ ಇಡಿ. ಅದರ ಕಂಪ್ಲಯನ್ಸ್ ಮೋಡ್‌ನಲ್ಲಿ ಅವಧಿ ಮುಗಿಯುವವರೆಗೆ ಖಾತೆಯ ಮೂಲ ಒಡೆಯರೂ ಅಳಿಸಲಾರರು.

ಕೋರ್ಟಿಗೆ ಕೊಡುವ ದಿನ

ಉಳಿಸುವುದು ಅರ್ಧ ಕೆಲಸ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯೊಂದಿಗೆ ಪ್ರಮಾಣಪತ್ರ ಕೊಡಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಬಲ್ಲವರು ಗಮನಿಸಬೇಕಾದದ್ದು, ಈಗ ಅದರಲ್ಲಿ ಎರಡು ಭಾಗಗಳಿವೆ. ‘ಎ’ ಭಾಗವನ್ನು ದಾಖಲೆ ಹಾಜರುಪಡಿಸುವವರು, ‘ಬಿ’ ಭಾಗವನ್ನು ತಜ್ಞರು ತುಂಬಬೇಕು. ಎರಡರಲ್ಲೂ ಫೈಲಿನ ಹ್ಯಾಶ್, ಅಂದರೆ ಫೈಲಿನಲ್ಲಿ ಒಂದಕ್ಷರ ಬದಲಾದರೂ ಬದಲಾಗುವ ಬೆರಳಚ್ಚಿನಂಥ ಸಂಕೇತ, ಬರೆಯುವ ಜಾಗವಿದೆ, ಎಸ್‌ಎಚ್‌ಎ 256 ಮೊದಲಾದ ಯಾವ ವಿಧಾನ ಬಳಸಿದಿರಿ ಎಂದು ಗುರುತು ಹಾಕಬೇಕು.

ಎಡವುವುದು ಇಲ್ಲೇ. ವಾಲ್ಟ್ ಅಥವಾ ಪರ್‌ವ್ಯೂನಿಂದ ಪಿಎಸ್‌ಟಿ ಇಳಿಸಿಕೊಂಡು, ಒಳಗೆ ಏನಿದೆ ನೋಡೋಣ ಎಂದು ಔಟ್‌ಲುಕ್‌ನಲ್ಲಿ ತೆರೆಯುತ್ತಾರೆ. ತೆರೆದ ಮಾತ್ರಕ್ಕೇ ಔಟ್‌ಲುಕ್ ಆ ಫೈಲಿನಲ್ಲಿ ಒಂದಿಷ್ಟು ಬರೆದುಬಿಡುತ್ತದೆ, ಹ್ಯಾಶ್ ಬದಲಾಗುತ್ತದೆ. ಎದುರು ಪಕ್ಷದ ವಕೀಲರಿಗೆ ಅಷ್ಟು ಸಾಕು. ಇಳಿಸಿದ ತಕ್ಷಣ ಹ್ಯಾಶ್ ತೆಗೆದು ದಿನಾಂಕ, ಸಮಯ, ಇಳಿಸಿದವರ ಹೆಸರಿನೊಂದಿಗೆ ಬರೆದಿಡಿ. ನೋಡುವುದಕ್ಕೆ ಬೇರೆ ನಕಲು ಮಾಡಿಕೊಳ್ಳಿ. ವಕೀಲರಿಗೆ ಮೇಲನ್ನು ಫಾರ್ವರ್ಡ್ ಮಾಡುವುದೂ ಸಲ್ಲದು. ಮೂಲ ಹೆಡರ್‌ಗಳು, ಅಂದರೆ ಯಾವ ಸರ್ವರ್‌ನಿಂದ ಯಾವ ಗಳಿಗೆಗೆ ದಾಟಿತು ಎಂಬ ಸಾಲುಗಳು ಅಲ್ಲಿಗೆ ಕಳೆದುಹೋಗುತ್ತವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಸೆಕ್ಷನ್ ಕೇಳುವುದೂ ಇದನ್ನೇ: ದಾಖಲೆ ಹುಟ್ಟಿದ ರೂಪದಲ್ಲೇ ಅಥವಾ ಅದನ್ನು ನಿಖರವಾಗಿ ಪ್ರತಿನಿಧಿಸುವ ರೂಪದಲ್ಲಿ ಇರಬೇಕು, ಎಲ್ಲಿಂದ ಹೊರಟಿತು, ಎಲ್ಲಿಗೆ, ಯಾವಾಗ ತಲುಪಿತು ಎಂಬುದು ತಿಳಿಯುವಂತಿರಬೇಕು.

ಹಾಗಾಗಿ ಡೆಮೊ ನೋಡುವಾಗ ಚೆಂದದ ಡ್ಯಾಶ್‌ಬೋರ್ಡ್ ತೋರಿಸಲು ಬಿಡಬೇಡಿ. ಕೆಲಸ ಬಿಟ್ಟ ಒಬ್ಬರ ಹೆಸರು, ಒಬ್ಬ ಗ್ರಾಹಕರ ವಿಳಾಸ, ಎರಡು ದಿನಾಂಕ ಕೊಟ್ಟು, ಆ ಮೇಲ್‌ಗಳನ್ನು ಪೂರ್ತಿ ಹೆಡರ್ ಮತ್ತು ಹ್ಯಾಶ್ ಸಮೇತ ಇಳಿಸಿ ಕೊಡಿ ಎನ್ನಿ. ಪಿಡಿಎಫ್ ಹುಡುಕಾಟದಲ್ಲಿ ಸಿಗುತ್ತದೆಯೇ, ಸ್ಕ್ಯಾನ್ ಮಾಡಿದ ಕನ್ನಡ ಪತ್ರ ಸಿಗುತ್ತದೆಯೇ ನೋಡಿ. ಯಾರು ಹುಡುಕಿದರು ಎಂಬ ಲಾಗ್ ತೋರಿಸಲು ಹೇಳಿ.

ಒಪ್ಪಂದಕ್ಕೆ ಸಹಿ ಮಾಡುವ ಮೊದಲು ಹೊರಬರುವ ದಾರಿಯನ್ನೂ ಬರೆಸಿಕೊಳ್ಳಿ. ಐದನೇ ವರ್ಷ ಸೇವೆ ಬಿಟ್ಟರೆ ಅಷ್ಟೂ ಮೇಲನ್ನು ಇಎಂಎಲ್ ಅಥವಾ ಪಿಎಸ್‌ಟಿ ರೂಪದಲ್ಲಿ ಎಷ್ಟು ದಿನದಲ್ಲಿ, ಎಷ್ಟು ಶುಲ್ಕಕ್ಕೆ ಕೊಡುತ್ತಾರೆ? ಕೆಲವು ಕಡೆ ತಿಂಗಳ ದರ ಕಡಿಮೆ, ಹೊರಗೆ ತೆಗೆಯುವ ದರವೇ ಭಾರಿ. ಇನ್ನು ಹಳೆಯ ಹೋಸ್ಟಿಂಗ್‌ನಿಂದ ಹೊಸದಕ್ಕೆ ಹೋಗುವವರು ಪ್ರತಿ ಮೇಲ್‌ಬಾಕ್ಸ್‌ನ ಸಂದೇಶಗಳ ಸಂಖ್ಯೆಯನ್ನು ಎರಡೂ ಕಡೆ ಎಣಿಸಿ ತಾಳೆ ನೋಡಿ, ಸೆಂಟ್ ಫೋಲ್ಡರ್ ಕೂಡ. ತಾಳೆಯಾಗುವವರೆಗೆ ಹಳೆಯ ಹೋಸ್ಟಿಂಗ್ ಖಾತೆಯ ಶುಲ್ಕ ಕಟ್ಟುತ್ತಲೇ ಇರಿ.